ಹಿಂದಿನ ಸಾಲಿನವರ ಚರಿತ್ರೆ

ಕಳೆದ ದೀಪಾವಳಿ ಮುಗಿದ ಮೇಲೆ ಒಂದು ಭಾನುವಾರ ಅಪ್ಪ, ಅಮ್ಮ, ಹೆಂಡತಿ, ಇಬ್ಬರು ಮಕ್ಕಳನ್ನ ಕರ್ಕೊಂಡು ಕಾರು ನೋಡೋಕೆ ಹೋಗಿದ್ದೆ. ಮನೇಲಿ ಆರು ಜನ, ಹಾಗಾಗಿ ಮೂರು ಸಾಲಿನ ಗಾಡಿಯೇ ಆಗಬೇಕು. ಸಾಫ್ಟ್‌ವೇರ್‌ನವನಲ್ವಾ, ಎರಡು ತಿಂಗಳಿಂದ ಒಂದು ಎಕ್ಸೆಲ್ ಶೀಟ್ ಮಾಡಿಟ್ಕೊಂಡಿದ್ದೆ. ಹನ್ನೊಂದು ಮಾಡೆಲ್, ಇಪ್ಪತ್ತಾರು ಕಾಲಂ. ಮೈಲೇಜು, ಟಾರ್ಕು, ಏರ್‌ಬ್ಯಾಗು, ಸರ್ವಿಸ್ ಖರ್ಚು, ಸ್ಕ್ರೀನಿನ ಅಳತೆ ಎಲ್ಲ ಅದರಲ್ಲಿತ್ತು.

ಸೇಲ್ಸ್ ಹುಡುಗ ನನ್ನನ್ನ ಸೀದಾ ಡ್ರೈವರ್ ಸೀಟಲ್ಲಿ ಕೂರಿಸಿ ಸನ್‌ರೂಫ್ ತೆಗೆದು ತೋರಿಸ್ತಿದ್ದ. ಅಷ್ಟರಲ್ಲಿ ಹಿಂದಿನಿಂದ ಅಮ್ಮನ ದನಿ ಕೇಳಿಸ್ತು. "ನಂಗೆ ಇಲ್ಲೇ ಸಾಕು ಕಣೋ. ನೀವು ಮುಂದೆ ಆರಾಮಾಗಿ ಕೂತ್ಕಳಿ." ತಿರುಗಿ ನೋಡ್ತೀನಿ, ಮೆಟ್ಟಿಲು ಹತ್ತೋಕೂ ಮಂಡಿ ಹಿಡ್ಕೊಳ್ಳೋ ಹೆಂಗಸು, ಯಾರೂ ಹೇಳದೆ ಕೊನೇ ಸಾಲಿಗೆ ನುಸುಳಿ, ಮಂಡಿಯನ್ನ ಹೆಚ್ಚುಕಮ್ಮಿ ಎದೆ ಮಟ್ಟಕ್ಕೆ ಎತ್ಕೊಂಡು ಕೂತುಬಿಟ್ಟಿದ್ದಾಳೆ. ನನ್ನ ಇಪ್ಪತ್ತಾರು ಕಾಲಂನಲ್ಲಿ ಆ ಸೀಟಿನ ಬಗ್ಗೆ ಒಂದೂ ಇರಲಿಲ್ಲ.

ಅಮ್ಮನಿಗೆ ಅದೇನೂ ತ್ಯಾಗ ಅನ್ನಿಸಿರಲಿಲ್ಲ. ಗಾಡಿ ಅಂದ್ರೆ ಹೆಂಗಸರು ಮಕ್ಕಳು ಹಿಂದೆ. ಅವಳಿಗೆ ಗೊತ್ತಿರೋ ಲೆಕ್ಕ ಅಷ್ಟೇ. ಈ ಲೆಕ್ಕ ಎಲ್ಲಿಂದ ಬಂತು ಅಂತ ಯೋಚಿಸ್ತಾ ಹೋದರೆ, ನಮ್ಮ ದೇಶದ ಮೂರು ಸಾಲಿನ ಗಾಡಿಗಳ ಚರಿತ್ರೆಯೇ ಎದುರಿಗೆ ಬಂದು ನಿಲ್ಲುತ್ತೆ.

ಶುರುವಾಗೋದು ಜೀಪಿನಿಂದ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದವು. 1940ರ ದಶಕದ ಕೊನೆಯ ಹೊತ್ತಿಗೆ ಮಹೀಂದ್ರಾ ಕಂಪನಿ ಅದೇ ವಿಲ್ಲೀಸ್ ಜೀಪನ್ನ ಬಿಡಿಬಿಡಿಯಾಗಿ ತರಿಸಿ ಇಲ್ಲಿ ಜೋಡಿಸತೊಡಗಿತು. ಮುಂದೆ ಅದನ್ನೇ ಉದ್ದ ಮಾಡಿ ಕಮಾಂಡರ್, ಮಾರ್ಷಲ್ ಅಂತೆಲ್ಲ ಹೆಸರಿಟ್ಟು ಬಿಟ್ಟಿತು. ಬಜಾಜ್ ಟೆಂಪೊ ಕಂಪನಿಯಿಂದ ಟ್ರ್ಯಾಕ್ಸ್ ಬಂತು. ಇವುಗಳ ಹಿಂಭಾಗ ನಿಮಗೂ ನೆನಪಿರಬಹುದು. ಎದುರುಬದುರು ಎರಡು ಬೆಂಚು, ಮಧ್ಯೆ ಕಾಲಿಡೋಕೆ ಒಂದು ಓಣಿ, ಹತ್ತೋಕೆ ಹಿಂದೆ ಒಂದೇ ಬಾಗಿಲು. ಬೆಲ್ಟೂ ಇಲ್ಲ, ತಲೆಗೆ ಆಸರೆಯೂ ಇಲ್ಲ. ಸಾಮಾನು ಹಾಕೋ ಜಾಗಕ್ಕೆ ಹಲಗೆ ಹೊಡೆದು ಜನರನ್ನ ಕೂರಿಸಿದ ಹಾಗೆ.

ಹಾಗಂತ ಅವನ್ನ ಬೈಯೋಕಾಗಲ್ಲ. ಅವತ್ತು ದೇಶದಲ್ಲಿ ಸಿಗ್ತಿದ್ದ ಕಾರುಗಳಂದ್ರೆ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, 1983ರ ಕೊನೆಯಿಂದ ಮಾರುತಿ 800. ನಾಲ್ಕೈದು ಜನರ ಕುಟುಂಬಕ್ಕೆ, ಅದೂ ದುಡ್ಡಿದ್ದವರಿಗೆ ಸರಿ. ಬಸ್ಸು ದಿನಕ್ಕೆರಡು ಸಲ ಬರೋ ಊರುಗಳನ್ನ ಸಂತೆಗೆ, ಆಸ್ಪತ್ರೆಗೆ, ಮದುವೆಗೆ ಮುಟ್ಟಿಸಿದ್ದು ಮಲೆನಾಡಿನಲ್ಲಿ ಜೀಪು, ಉತ್ತರ ಕರ್ನಾಟಕದಲ್ಲಿ ಟ್ರ್ಯಾಕ್ಸು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಇಂಥ ಗಾಡಿಗಳಿಗೆ ಒಂದು ಹೆಸರೂ ಸಿಕ್ಕಿತು. ಡ್ರೈವರ್ ಬಿಟ್ಟು ಆರು ಜನರ ತನಕ ಮೋಟಾರ್ ಕ್ಯಾಬ್, ಆರು ದಾಟಿ ಹನ್ನೆರಡರ ತನಕ ಮ್ಯಾಕ್ಸಿ ಕ್ಯಾಬ್. ಹನ್ನೆರಡು ಅನ್ನೋದು ಕಾಗದದ ಮೇಲೆ ಮಾತ್ರ. ಹಿಂದಿನ ಬಾಗಿಲಿಗೆ ಜೋತು ಬಿದ್ದವರ ಲೆಕ್ಕ ಯಾವ ಕಾಯ್ದೆಯಲ್ಲೂ ಇಲ್ಲ.

1994ರಲ್ಲಿ ಟಾಟಾ ಸುಮೊ ಬಂತು. ಹೆಸರು ಕೇಳಿ ಜಪಾನಿನ ದಪ್ಪ ಪೈಲ್ವಾನರು ಅಂತ ನಾನು ಬಹಳ ವರ್ಷ ನಂಬಿದ್ದೆ. ಟೆಲ್ಕೊ ಕಂಪನಿಯನ್ನ ಕಟ್ಟಿ ಬೆಳೆಸಿದ ಸುಮಂತ್ ಮೂಲಗಾಂವ್ಕರ್ ಅವರ ಹೆಸರಿನ ಎರಡು ತುಂಡು ಅದು, ಸು ಮತ್ತು ಮೊ. ಗಟ್ಟಿ ಚಾವಣಿ, ಗಾಜಿನ ಕಿಟಕಿ, ಮಧ್ಯದ ಸಾಲಲ್ಲಿ ಅಗಲವಾದ ಸೋಫಾದಂಥ ಸೀಟು. ಹಳ್ಳಿಯವರ ಕಣ್ಣಿಗೆ ಅದು ಜೀಪಲ್ಲ, ಕಾರು. ಆದರೆ ಡಿಕ್ಕಿ ಬಾಗಿಲು ತೆಗೆದರೆ ಅದೇ ಎರಡು ಅಡ್ಡ ಬೆಂಚು.

ನಾನು ಆ ಬೆಂಚಿನ ಮೇಲೆ ಕೂತು ಧರ್ಮಸ್ಥಳ ನೋಡಿದವನು. ನಮ್ಮದು ತಿಪಟೂರು ಕಡೆ ಹಳ್ಳಿ. 1998ರಲ್ಲಿ ಕೊಬ್ಬರಿಗೆ ಒಳ್ಳೇ ರೇಟು ಸಿಕ್ಕಿತು ಅಂತ ಅಪ್ಪ, ದೊಡ್ಡಪ್ಪ ಸೇರಿ ಒಂದು ಸುಮೊ ಬಾಡಿಗೆಗೆ ಹಿಡಿದರು. ಹತ್ತು ಸೀಟಿನ ಗಾಡಿಗೆ ನಾವು ಹದಿನೇಳು ಜನ. ಗಂಡಸರು ಮುಂದೆ, ಅಜ್ಜಿ ಮತ್ತು ದೊಡ್ಡಮ್ಮಂದಿರು ಮಧ್ಯೆ, ಚಿಕ್ಕ ಸೊಸೆಯಂದಿರು ಮತ್ತು ಮಕ್ಕಳು ಹಿಂದೆ. ಅಮ್ಮ ಚಿಕ್ಕ ಸೊಸೆ. ಕಾಲ ಮೇಲೆ ಬುತ್ತಿ ಚೀಲ, ತೊಡೆ ಮೇಲೆ ನಾನು. ಚಾರ್ಮಾಡಿ ಘಾಟಿ ಇಳಿಯೋವಾಗ ಗಾಡಿ ಎಡಕ್ಕೆ ತಿರುಗಿದರೆ ನಾವೆಲ್ಲ ಬಲಕ್ಕೆ, ಬಲಕ್ಕೆ ತಿರುಗಿದರೆ ಎಡಕ್ಕೆ. ಅಡ್ಡ ಕೂತವರಿಗೆ ಮುಂದಿನ ರಸ್ತೆ ಕಾಣಲ್ಲ, ತಿರುವು ಬರೋದು ಮೊದಲೇ ಗೊತ್ತಾಗಲ್ಲ, ಅದಕ್ಕೇ ಹೊಟ್ಟೆ ಬೇಗ ತೊಳಸುತ್ತೆ. ಅಮ್ಮ ಎಂಟು ಸಲ ವಾಂತಿ ಮಾಡಿಕೊಂಡಳು. ಆ ಘಾಟಿಯ ಚೆಲುವಿನ ಬಗ್ಗೆ ಅಪ್ಪ ಈಗಲೂ ಮಾತಾಡ್ತಾರೆ. ಅಮ್ಮ ಅದನ್ನ ನೋಡೇ ಇಲ್ಲ.

ಹಿಂದೆ ಕೂತವರನ್ನ ರಸ್ತೆ ಕಡೆ ತಿರುಗಿಸಿದ ಕಥೆಯಲ್ಲಿ ನಮ್ಮ ಬಿಡದಿಗೂ ಒಂದು ಪಾಲಿದೆ. ಟೊಯೊಟಾ ಮತ್ತು ಕಿರ್ಲೋಸ್ಕರ್ 1997ರಲ್ಲಿ ಕೈಜೋಡಿಸಿ, ಬೆಂಗಳೂರು-ಮೈಸೂರು ರಸ್ತೆಯ ಬಿಡದಿಯಲ್ಲಿ ಕಾರ್ಖಾನೆ ಹಾಕಿದವು. 2000ದ ಆರಂಭದಲ್ಲಿ ಅಲ್ಲಿಂದ ಹೊರಬಂದ ಮೊದಲ ಗಾಡಿ ಕ್ವಾಲಿಸ್. ಅದರ ಮೂಲ ಇಂಡೋನೇಷ್ಯಾದ ಕಿಜಾಂಗ್. ಆ ಭಾಷೆಯಲ್ಲಿ ಕಿಜಾಂಗ್ ಅಂದ್ರೆ ನಮ್ಮ ಕಾಡುಕುರಿ. 1977ರಲ್ಲಿ ಅಗ್ಗದ ಸಾಮಾನು ಗಾಡಿಯಾಗಿ ಹುಟ್ಟಿದ ಕಿಜಾಂಗ್, ಅಲ್ಲಿನ ದೊಡ್ಡ ಕುಟುಂಬಗಳ ಕೈಗೆ ಸಿಕ್ಕಿ ಮೆಲ್ಲಗೆ ಮನೆಗಾಡಿಯಾಗಿ ಬದಲಾಗಿತ್ತು. ಕ್ವಾಲಿಸ್‌ನ ಕೆಲವು ಮಾಡೆಲ್‌ಗಳಲ್ಲಿ ಅಡ್ಡ ಬೆಂಚು ಇದ್ದರೂ, ಮೇಲಿನ ಮಾಡೆಲ್‌ಗಳಲ್ಲಿ ಮೂರನೇ ಸಾಲು ಮುಂದಕ್ಕೆ ಮುಖ ಮಾಡಿ ಕೂತಿತು.

ನೋಡೋಕೆ ಡಬ್ಬಿ ಥರ ಇದ್ದ ಆ ಗಾಡಿಯನ್ನ ಬೆಂಗಳೂರು ಬಾಚಿ ತಬ್ಬಿಕೊಂಡಿತು. ಕಾಲ್ ಸೆಂಟರ್, ಸಾಫ್ಟ್‌ವೇರ್ ಕಂಪನಿಗಳ ಪಿಕಪ್ ಡ್ರಾಪ್ ಅಂದ್ರೆ ಕ್ವಾಲಿಸ್ ಅನ್ನೋ ಕಾಲ ಅದು. 2005ರಲ್ಲಿ ಕಂಪನಿ ಅದನ್ನ ನಿಲ್ಲಿಸಿ ಇನ್ನೋವಾ ತಂದಿತು. ಏಳೋ ಎಂಟೋ ಸೀಟು, ಎಲ್ಲವೂ ಮುಂದಕ್ಕೆ ಮುಖ. ನಾನು 2012ರಲ್ಲಿ ಕೆಲಸಕ್ಕೆ ಸೇರಿದಾಗಲೂ ಹಳೇ ಕ್ವಾಲಿಸ್‌ಗಳು ರಾತ್ರಿ ಪಾಳಿಗೆ ಓಡ್ತಿದ್ದವು. ಮೊದಲು ಹತ್ತಿದವರಿಗೆ ಮಧ್ಯದ ಸಾಲು, ಹೊಸಬರಿಗೆ ಕೊನೇ ಸಾಲು. ಊರಲ್ಲಿ ಚಿಕ್ಕ ಸೊಸೆ, ಇಲ್ಲಿ ಫ್ರೆಶರ್. ಸೀಟು ತಿರುಗಿತ್ತು, ಲೆಕ್ಕ ತಿರುಗಿರಲಿಲ್ಲ.

ಇನ್ನು ಸರ್ಕಾರದ ಲೆಕ್ಕ. 2006ರ ಬಜೆಟ್ಟಲ್ಲಿ ಸಣ್ಣ ಕಾರಿನ ಅಬಕಾರಿ ಸುಂಕ 24ರಿಂದ 16 ಪ್ರತಿಶತಕ್ಕೆ ಇಳಿಯಿತು. ಸಣ್ಣ ಕಾರು ಅಂದ್ರೆ ನಾಲ್ಕು ಮೀಟರ್ ಒಳಗೆ, ಪೆಟ್ರೋಲಾದರೆ 1200 ಸಿಸಿ, ಡೀಸೆಲಾದರೆ 1500 ಸಿಸಿ ಒಳಗೆ. 2013ರ ಬಜೆಟ್ಟು ಎಸ್‌ಯುವಿಗಳ ಮೇಲಿನ ಸುಂಕವನ್ನ 27ರಿಂದ 30ಕ್ಕೆ ಏರಿಸಿತು. ಎಸ್‌ಯುವಿ ಯಾವುದು ಅಂತ ಗುರುತಿಸೋಕೆ ಬಳಸಿದ ಅಳತೆ ಮೂರು: ಉದ್ದ ನಾಲ್ಕು ಮೀಟರ್ ಮೇಲೆ, ಎಂಜಿನ್ 1500 ಸಿಸಿ ಮೇಲೆ, ನೆಲದಿಂದ ಎತ್ತರ 170 ಮಿಲಿಮೀಟರ್ ಅಥವಾ ಹೆಚ್ಚು. ಒಳಗೆ ಎಷ್ಟು ಜನ ಕೂರ್ತಾರೆ ಅನ್ನೋದು ಈ ಮೂರರಲ್ಲಿ ಎಲ್ಲೂ ಬರಲ್ಲ.

ಜಿಎಸ್‌ಟಿ ಬಂದ ಮೇಲೂ ಆ ನಾಲ್ಕು ಮೀಟರ್ ಗೆರೆ ಅಳಿಸಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಗೆರೆಯ ಈಚೆ 18 ಪ್ರತಿಶತ, ಆಚೆ 40. ಏಳು ಜನರನ್ನ ಹೊರೋ ಎರ್ಟಿಗಾಗೆ 40. ಒಬ್ಬನೇ ಓಡಾಡೋ ನಾಲ್ಕು ಮೀಟರೊಳಗಿನ ಪುಟ್ಟ ಎಸ್‌ಯುವಿಗೆ 18. ಈ ಗೆರೆಯೊಳಗೇ ಮೂರು ಸಾಲು ತುರುಕೋ ಪ್ರಯತ್ನವೂ ನಡೆದಿದೆ. 2015ರಲ್ಲಿ ಬಂದ ಡಾಟ್ಸನ್ ಗೋ ಪ್ಲಸ್ 3995 ಮಿ.ಮೀ., 2019ರ ರೆನೊ ಟ್ರೈಬರ್ 3990 ಮಿ.ಮೀ. ಟ್ರೈಬರ್‌ನವರು ಜಾಣತನ ಮಾಡಿ ಮೂರನೇ ಸಾಲನ್ನ ಬಿಚ್ಚಿ ಮನೇಲಿಡೋ ಹಾಗೆ ಮಾಡಿದರು. ಆದರೂ ಎಂಜಿನ್ನು, ಮೂರು ಸಾಲು, ಹದಿನಾಲ್ಕು ಕಾಲು ನಾಲ್ಕು ಮೀಟರಲ್ಲಿ ಹಿಡೀಬೇಕಂದ್ರೆ ಯಾರಾದರೊಬ್ಬರು ಮುದುಡಲೇಬೇಕು. ಯಾರು ಅಂತ ನಿಮಗೇ ಗೊತ್ತು.

ದೊಡ್ಡ ಗಾಡಿ ತಗೊಂಡ್ರೆ ಈ ಕಷ್ಟ ಇಲ್ಲ ಅಂತ ನಾನೂ ಅಂದ್ಕೊಂಡಿದ್ದೆ. ಆದರೆ ಈಗಿನ ಕೆಲವು ಮೂರು ಸಾಲಿನ ಎಸ್‌ಯುವಿಗಳು ಐದು ಸೀಟಿನ ಗಾಡಿಯನ್ನೇ ಹಿಗ್ಗಿಸಿ ಮಾಡಿದವು. 2021ರ ಸಫಾರಿ ಹ್ಯಾರಿಯರ್‌ನಿಂದ ಬಂತು, ಅದೇ ವರ್ಷದ ಆಲ್ಕಜಾರ್ ಕ್ರೆಟಾದಿಂದ. ಕ್ರೆಟಾದ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವನ್ನ 150 ಮಿ.ಮೀ. ಹೆಚ್ಚಿಸಿ ಆಲ್ಕಜಾರ್ ಮಾಡಿದರು. ಹ್ಯಾರಿಯರ್, ಸಫಾರಿ ಎರಡರಲ್ಲೂ ಆ ಅಂತರ ಒಂದೇ, 2741 ಮಿ.ಮೀ. ಮೂರನೇ ಸಾಲು ಬರೋದು ಹೆಚ್ಚುಕಮ್ಮಿ ಹಿಂದಿನ ಚಕ್ರಗಳ ಮೇಲೆ. ಅಲ್ಲಿ ಕೆಳಗೆ ಆಕ್ಸಲ್ಲು, ಪಕ್ಕದಲ್ಲಿ ಚಕ್ರದ ಗೂಡು, ಹಾಗಾಗಿ ನೆಲ ಮೇಲೇರುತ್ತೆ. ಮೇಲಿನಿಂದ ಎಸ್‌ಯುವಿಯ ಚೆಂದಕ್ಕೆ ಚಾವಣಿ ಇಳಿಯುತ್ತೆ. ಮಧ್ಯೆ ಸಿಕ್ಕಿಕೊಂಡವರ ಮಂಡಿ ಮೇಲೆ, ತಲೆ ಕೆಳಗೆ. ನೋಡೋಕೆ ಅಷ್ಟೇನೂ ಚೆಂದ ಇಲ್ಲದ ಡಬ್ಬಿ ಆಕಾರದ ಇನ್ನೋವಾ ಥರದ ಗಾಡಿಗಳಲ್ಲಿ ಹಿಂದಿನವರು ಒಂಚೂರು ಸುಖವಾಗಿರೋದಕ್ಕೆ ಕಾರಣ ಆ ಡಬ್ಬಿ ಆಕಾರವೇ.

ಇದೆಲ್ಲ ಸುಖದ ಮಾತಾಯಿತು. ಜೀವದ ಮಾತು ಬೇರೆ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ನಮ್ಮ ಐದು ಜನಪ್ರಿಯ ಕಾರುಗಳನ್ನ ಗುದ್ದಿಸಿ ಐದಕ್ಕೂ ಸೊನ್ನೆ ಕೊಟ್ಟಾಗ ಸುರಕ್ಷತೆಯ ಚರ್ಚೆ ಶುರುವಾಯಿತು. 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. ಈಗ ಶೋರೂಮಲ್ಲಿ ಎಲ್ಲರೂ ಮೊದಲು ಕೇಳೋದು ಎಷ್ಟು ಸ್ಟಾರ್ ಅಂತ. ನಾನೂ ಕೇಳಿದ್ದೆ, ನನ್ನ ಎಕ್ಸೆಲ್‌ನಲ್ಲಿ ಅದೇ ಮೊದಲ ಕಾಲಂ. ಆಮೇಲೆ ಆ ಪರೀಕ್ಷೆಯ ವಿವರ ಓದ್ತಾ ಕೂತಾಗ ಒಂದು ಕಡೆ ನಿಂತುಬಿಟ್ಟೆ. ಮುಂದಿನಿಂದ ಗುದ್ದಿಸೋ ಆ ಪರೀಕ್ಷೆಯಲ್ಲಿ ಮುಂದಿನ ಎರಡು ಸೀಟಲ್ಲಿ ದೊಡ್ಡವರ ಗೊಂಬೆ, ಎರಡನೇ ಸಾಲಲ್ಲಿ ಎರಡು ಮಕ್ಕಳ ಗೊಂಬೆ ಕೂರಿಸ್ತಾರೆ. ಮೂರನೇ ಸಾಲಲ್ಲಿ ಯಾವ ಗೊಂಬೆಯೂ ಇಲ್ಲ. ಐದು ಸ್ಟಾರ್ ಅಂದಾಗ ಆ ಗೊಂಬೆಗಳು ಕೂತ ಸೀಟುಗಳ ಸಮಾಚಾರ ನಮಗೆ ಗೊತ್ತಾಗುತ್ತೆ. ಅಮ್ಮ ಕೂತಿದ್ದ ಸೀಟಿನ ಸಮಾಚಾರ ಗೊತ್ತಾಗಲ್ಲ. ಹಿಂದಿನಿಂದ ಲಾರಿ ಗುದ್ದಿದರೆ ಮೊದಲ ಪೆಟ್ಟು ಬೀಳೋ ಸಾಲು ಅದು. ಅಂಥ ಗುದ್ದಿನ ಪರೀಕ್ಷೆಯೂ ಅದರಲ್ಲಿಲ್ಲ.

2022ರ ಸೆಪ್ಟೆಂಬರ್‌ನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಹಿಂದಿನ ಸೀಟಲ್ಲಿ ಕೂತಿದ್ದಾಗ ಅಪಘಾತದಲ್ಲಿ ತೀರಿಕೊಂಡರು. ಹಿಂದೆ ಕೂತವರೂ ಬೆಲ್ಟ್ ಹಾಕಬೇಕು ಅಂತ ದೇಶಕ್ಕೆಲ್ಲ ನೆನಪಾಗಿದ್ದು ಆಗ. ಎರಡನೇ ಸಾಲು ನೆನಪಾಗೋಕೇ ಅಷ್ಟು ವರ್ಷ ಬೇಕಾಯಿತು. ಮೂರನೇ ಸಾಲಿನ ಸರದಿ ಇನ್ನೂ ಬಂದಿಲ್ಲ.

ಹಾಗಂತ ಮೂರು ಸಾಲಿನ ಗಾಡಿ ತಗೋಬೇಡಿ ಅಂತ ನಾನು ಹೇಳಲ್ಲ. ಹದಿನೇಳು ಜನ ಸುಮೊ ಹತ್ತಿದ್ದಕ್ಕಿಂತ, ಐದು ಸೀಟಿನ ಕಾರಲ್ಲಿ ಆರು ಜನ ತೊಡೆ ಮೇಲೆ ತೊಡೆ ಹಾಕ್ಕೊಂಡು ಹೋಗೋದಕ್ಕಿಂತ, ಪ್ರತಿಯೊಬ್ಬರಿಗೂ ಒಂದು ಸೀಟು ಒಂದು ಬೆಲ್ಟು ಇರೋದು ಎಷ್ಟೋ ವಾಸಿ. ಗಾಡಿಯನ್ನ ಹಿಂದಿನಿಂದ ಮುಂದಕ್ಕೆ ನೋಡಿ ಅಂತಷ್ಟೇ ಕೇಳೋದು. ಮೊದಲು ಕೊನೇ ಸಾಲಿಗೆ ನೀವೇ ಹತ್ತಿ. ಬರೀ ಕೂತು ಎದ್ದು ಬರಬೇಡಿ, ಟೆಸ್ಟ್ ಡ್ರೈವ್ ಪೂರ್ತಿ ಅಲ್ಲೇ ಕೂರಿ, ರಸ್ತೆಯುಬ್ಬು ಹತ್ತಿಸಿ. ಬೆಲ್ಟ್ ಎಳೆದು ನೋಡಿ. ತಲೆಯ ಆಸರೆ ನಿಮ್ಮ ತಲೆಗೆ ಸಿಗುತ್ತಾ, ಕುತ್ತಿಗೆಗೆ ನಿಲ್ಲುತ್ತಾ ನೋಡಿ. ಪಕ್ಕದ ಕರ್ಟನ್ ಏರ್‌ಬ್ಯಾಗು ಮೂರನೇ ಕಿಟಕಿವರೆಗೂ ಬರುತ್ತಾ ಅಂತ ಕೇಳಿ. ನಿಮ್ಮ ತಲೆಗೂ ಹಿಂದಿನ ಗಾಜಿಗೂ ಎಷ್ಟು ಗೇಣು ಅಂತ ಅಳೆಯಿರಿ. ಎಸಿ ಗಾಳಿ ಅಲ್ಲಿಗೆ ಮುಟ್ಟುತ್ತಾ, ಯಾರ ಸಹಾಯವೂ ಇಲ್ಲದೆ ಇಳಿಯೋಕಾಗುತ್ತಾ ಪರೀಕ್ಷಿಸಿ. ಇಷ್ಟಾದ ಮೇಲೆ ಸನ್‌ರೂಫ್ ನೋಡೋಕೆ ಬೇಕಾದಷ್ಟು ಹೊತ್ತಿದೆ.

ನಾವು ಕೊನೆಗೆ ತಗೊಂಡಿದ್ದು ನನ್ನ ಎಕ್ಸೆಲ್‌ನಲ್ಲಿ ಏಳನೇ ಸ್ಥಾನದಲ್ಲಿದ್ದ ಗಾಡಿ, ಅದೂ ಸೆಕೆಂಡ್ ಹ್ಯಾಂಡು. ಮೊದಲ ಸಲ ಊರಿಗೆ ಹೊರಟಾಗ ಅಮ್ಮ ಅಭ್ಯಾಸಬಲದಿಂದ ಮತ್ತೆ ಹಿಂದಕ್ಕೆ ಹೊರಟಳು. ತಡೆದು ಮಧ್ಯದ ಸಾಲಲ್ಲಿ ಕಿಟಕಿ ಪಕ್ಕ ಕೂರಿಸಿದ್ವಿ, ಪಕ್ಕದಲ್ಲಿ ಚಿಕ್ಕ ಮಗಳು ಅವಳ ಸೀಟಲ್ಲಿ. ಅಪ್ಪ ಮುಂದೆ. ಸ್ಟೀರಿಂಗು ಹೆಂಡತಿ ಕೈಲಿ, ನನಗಿಂತ ಚೆನ್ನಾಗಿ ಓಡಿಸ್ತಾಳೆ. ಕೊನೇ ಸಾಲಲ್ಲಿ ದೊಡ್ಡ ಮಗ, ನಾನು.

ಗುಬ್ಬಿ ದಾಟೋ ಹೊತ್ತಿಗೆ ನನ್ನ ಕಾಲು ಜೋಮು ಹಿಡಿದಿತ್ತು. ಅಮ್ಮ ಹಿಂದಕ್ಕೆ ತಿರುಗಿ, "ಅಲ್ಲಿ ಇಕ್ಕಟ್ಟಾಯ್ತೇನೋ, ಬಾ ನಾನು ಬತ್ತೀನಿ ಹಿಂದಕ್ಕೆ" ಅಂದಳು. "ಏನಿಲ್ಲಮ್ಮ, ನಂಗೆ ಇಲ್ಲೇ ಸಾಕು" ಅಂದೆ.