ಹಿತ್ತಿಲಿನ ನೀಲಿ

ಕಲಘಟಗಿಯೆಂದೊಡನೆ ಬಣ್ಣದ ತೊಟ್ಟಿಲು ನೆನಪಾಗುವುದು ಸಹಜ. ನಾನು ಹೇಳಹೊರಟಿರುವುದು ಅಲ್ಲಿ ನನ್ನ ಹಿತ್ತಿಲಿನಲ್ಲಿ ಬೆಳೆದ ನೀಲಿಗಿಡದ ಮಾತು.

ಮೊದಲ ವರ್ಷ ಬಿತ್ತಿದ ಬೀಜ ಮೊಳೆಯಲೇ ಇಲ್ಲ. ನೀರನ್ನೇ ಒಳಗೆ ಬಿಡದಷ್ಟು ಅದರ ಸಿಪ್ಪೆ ಗಟ್ಟಿ. ಮರುವರ್ಷ ಮರಳುಕಾಗದಕ್ಕೆ ಉಜ್ಜಿ, ಒಂದು ರಾತ್ರಿ ನೆನೆಸಿ ಬಿತ್ತಿದ ಮೇಲೆ ಮೊಳೆಯಿತು. ಎಲೆ ಹಸಿರು, ಹೂ ನಸುಗೆಂಪು. ನೀಲಿಯ ಸುಳಿವೇ ಇಲ್ಲ! ಎಲೆಯನ್ನು ನೀರಿನಲ್ಲಿ ಕೊಳೆಯಿಸಿ, ಆ ನೀರನ್ನು ಗಾಳಿಯಾಡುವಂತೆ ಕಡೆದಾಗಲೇ ಬಣ್ಣ ತಳಕ್ಕಿಳಿಯುವುದು. ಅದಕ್ಕೆ ಸುಣ್ಣವನ್ನೂ ತಗಚೆಬೀಜವನ್ನೂ ಸೇರಿಸಿ ಹುಳಿಬರಿಸಿದ ಬಾನಿಯಿಂದ ಮೇಲೆತ್ತಿದ ಬಟ್ಟೆ ಮೊದಲು ಹಳದಿ, ಆಮೇಲೆ ಹಸಿರು, ಗಾಳಿ ತಾಗಿದಂತೆ ನೀಲಿ. ಈ ವಿದ್ಯೆಯಿಂದ ಬದುಕಿದವರು ನಮ್ಮ ನೀಲಗಾರರು.

ನೀಲಿಯ ಚರಿತ್ರೆಯೆಂದರೆ 1859ರ ಬಂಗಾಳದ ರೈತರ ದಂಗೆ, 1917ರ ಚಂಪಾರಣ್ಯ ಎಂದು ನಾವು ಓದುತ್ತೇವೆ. ಅವೆರಡರ ನಡುವೆ, 1897ರಲ್ಲಿ, ಜರ್ಮನಿಯ ಕಾರ್ಖಾನೆಯೊಂದು ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದಿತು. ನೀಲಗಾರನ ಕೈಯಿಂದ ಗಿಡವನ್ನು ಕಸಿದದ್ದು ಇದೇ.

ಈಗ ‘ನೀಲಗಾರ’ ಎಂಬುದು ನಮ್ಮ ಕಡೆ ಹೆಚ್ಚಾಗಿ ಅಡ್ಡಹೆಸರು. ತರಗತಿಯಲ್ಲಿ ಅದನ್ನು ‘ನೀಲ’ಕ್ಕೆ ‘ಗಾರ’ ಪ್ರತ್ಯಯವೆಂದು ಬಿಡಿಸಿ ಮುಂದೆ ಹೋಗುತ್ತಿದ್ದೆ. ಬಾನಿಗಿಳಿಸಿದ ನನ್ನ ಬೆರಳು ನಾಲ್ಕು ದಿನ ತೊಳೆದರೂ ಬಿಳುಪಾಗಲಿಲ್ಲ.