ಬಾಗಿಲಿಗೊಂದು ಹಣ: ಬುಕ್ಕರಾಯನ 1368ರ ಒಪ್ಪಂದದ ಉಳಿದರ್ಧ

ಶ್ರವಣಬೆಳಗೊಳದ ಭಂಡಾರಿ ಬಸದಿಯ ಬುಕ್ಕರಾಯನ ಶಾಸನವನ್ನು ಶಾಸನಾಸಕ್ತರಿಗೆ ಹೊಸದಾಗಿ ಪರಿಚಯಿಸಬೇಕಿಲ್ಲ. ಶಕ 1290, ಕೀಲಕ ಸಂವತ್ಸರದ ಭಾದ್ರಪದ ಶುದ್ಧ 10, ಅಂದರೆ ಕ್ರಿ.ಶ. 1368. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಯಿತು, ರಾಯ ರಾಜಿ ಮಾಡಿಸಿದ. ಸರ್ವಧರ್ಮ ಸಮನ್ವಯದ ಭಾಷಣಗಳಲ್ಲಿ ಇದರ ಹೆಸರು ಬರುತ್ತಲೇ ಇರುತ್ತೆ. ಆದರೆ ಹೆಚ್ಚಿನವರು ಮೊದಲರ್ಧಕ್ಕೇ ನಿಲ್ಲಿಸಿಬಿಡ್ತಾರೆ. ನನ್ನನ್ನು ಮತ್ತೆ ಮತ್ತೆ ಎಳೆಯೋದು ಉಳಿದರ್ಧ. ಅಲ್ಲಿರೋದು ಹಣ, ಆಳು, ಸುಣ್ಣ ಮತ್ತು ಶಿಕ್ಷೆಯ ಮಾತು.

ಆಗ ವಿಜಯನಗರಕ್ಕೆ ವಯಸ್ಸು ಮೂವತ್ತು ಚಿಲ್ಲರೆ ವರ್ಷ ಅಷ್ಟೇ. ಉತ್ತರದಲ್ಲಿ ಬಹಮನಿಗಳ ಜೊತೆ ಕಾದಾಟ, ದಕ್ಷಿಣದಲ್ಲಿ ಮಧುರೈ ಸುಲ್ತಾನರ ಮೇಲೆ ಕುಮಾರ ಕಂಪಣನ ದಂಡಯಾತ್ರೆ. ಇಂಥ ಹೊತ್ತಿನಲ್ಲಿ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಪಟ್ಟಣ ಸೇರಿದಂತೆ ಎಲ್ಲ ನಾಡುಗಳ ಜೈನರು ಒಟ್ಟಾಗಿ ದೂರು ತರುತ್ತಾರೆ. ಪಟ್ಟಿಯಲ್ಲಿ ಪಟ್ಟಣಗಳೇ ಮುಂದಿವೆ, ಗಮನಿಸಿ. ವ್ಯಾಪಾರಿಗಳು ಮುನಿಸಿಕೊಂಡರೆ ಯುದ್ಧದ ಖರ್ಚಿಗೆ ಎಲ್ಲಿಗೆ ಹೋಗೋದು? ಇತ್ತ ಶ್ರೀವೈಷ್ಣವರ ದೇವಸ್ಥಾನಗಳ ಬಲವನ್ನೂ ರಾಯ ಬಿಡುವಂತಿರಲಿಲ್ಲ.

ಶಾಸನದ ಪದಗಳನ್ನು ನಿಧಾನವಾಗಿ ಓದಿ. ನಡೆದದ್ದನ್ನು ಬರೆದವನು ಮೊದಲು 'ಸಂವಾದ' ಅಂತ ಕರೆಯುತ್ತಾನೆ. ಇವತ್ತಿನ ಅರ್ಥದ ಸಂವಾದ ಅದಲ್ಲ, ತಕರಾರು. ಜೈನರ ಬಿನ್ನಹಕ್ಕೆ ಬಂದಾಗ ಅದೇ ಸಂಗತಿ 'ಅನ್ಯಾಯ' ಆಗುತ್ತೆ, ಅದನ್ನು ಮಾಡಿದವರು 'ಭಕ್ತರು' ಅಂತಲೂ ಬರುತ್ತೆ. ಎರಡೂ ಪದ ಒಂದೇ ಕಲ್ಲಿನ ಮೇಲೆ ಉಳಿದಿವೆ. ನಾನು ದುಡಿಯುವ ಲೋಕದಲ್ಲಿ ಎರಡು ತಂಡ ಕಿತ್ತಾಡಿದರೆ ಮೇಲಿನಿಂದ ಬರೋ ಟಿಪ್ಪಣಿಯಲ್ಲಿ 'ಅನ್ಯಾಯ'ದಂಥ ಪದ ಉಳಿದದ್ದು ನಾನು ಕಂಡಿಲ್ಲ. ಇಬ್ಬರೂ ಹೊಂದಿಕೊಂಡು ಹೋಗಿ ಅಂತ ಇರುತ್ತೆ, ಅಷ್ಟೇ.

ಆಮೇಲೆ ರಾಯ ಕೂಡಿಸಿದ ಸಭೆ ನೋಡಿ. ಕೋವಿಲ್ ಅಂದರೆ ಶ್ರೀರಂಗ, ತಿರುಮಲೆ, ಪೆರುಮಾಳ್‌ಕೋವಿಲ್ ಅಂದರೆ ಕಂಚಿ, ತಿರುನಾರಾಯಣಪುರ ಅಂದರೆ ನಮ್ಮ ಮೇಲುಕೋಟೆ. ಇಲ್ಲಿನ ಆಚಾರ್ಯರ ಜೊತೆಗೆ ದೇವಸ್ಥಾನದ ಬಗೆಬಗೆಯ ಸೇವೆಯವರು, ತಿರುಕುಲ, ಜಾಂಬವಕುಲದವರ ತನಕ ಹದಿನೆಂಟು ನಾಡಿನ ಶ್ರೀವೈಷ್ಣವರು. ಆಚಾರ್ಯರು ಒಪ್ಪಿ ಎದ್ದುಹೋದ ಮೇಲೆ ಬೀದಿಯಲ್ಲಿ ಬಡಿದಾಡುವವರು ಬೇರೆಯವರೇ ಇರ್ತಾರೆ. ಅದಕ್ಕೇ ಪಟ್ಟಿ ಅಷ್ಟು ಕೆಳಗಿಳಿದಿದೆ ಅಂತ ನನ್ನ ಊಹೆ. ಇನ್ನೊಂದು ಮಾತು: ಗೋಪಣ್ಣ ರಂಗನಾಥನ ಮೂರ್ತಿಯನ್ನು ಶ್ರೀರಂಗಕ್ಕೆ ಮರಳಿ ತಂದದ್ದು 1371ರಲ್ಲಿ. ಈ ಒಪ್ಪಂದದ ಹೊತ್ತಿಗೆ ಶ್ರೀರಂಗದವರ ದೇವರೇ ಪರಸ್ಥಳದಲ್ಲಿ ಇದ್ದ!

ಅವರೆಲ್ಲರ ಮುಂದೆ ಬುಕ್ಕ ಜೈನರ ಕೈ ಹಿಡಿದು ಶ್ರೀವೈಷ್ಣವರ ಕೈಗೆ ಕೊಡುತ್ತಾನೆ. ಎರಡು ದರ್ಶನಗಳಿಗೂ ಭೇದವಿಲ್ಲ ಅನ್ನುತ್ತಾನೆ. ಪಂಚಮಹಾವಾದ್ಯ, ಕಳಶ ಜೈನರಿಗೆ ಸಲ್ಲುವುದು 'ಪೂರ್ವಮರ್ಯಾದೆ'ಯಂತೆ, ಅಂದರೆ ಮೊದಲಿದ್ದ ರೂಢಿಯಂತೆ. ಹೊಸದಾಗಿ ದಯಪಾಲಿಸಿದ್ದು ಅಂತ ಯಾರೂ ಮುಂದೆ ಕಿತ್ತುಕೊಳ್ಳೋ ಹಾಗಿಲ್ಲ. ಭಕ್ತರಿಂದ ಜೈನರಿಗೆ ಹಾನಿಯಾಗಲಿ ವೃದ್ಧಿಯಾಗಲಿ, ಅದು ವೈಷ್ಣವರದೇ ಹಾನಿ, ವೃದ್ಧಿ ಅಂತ ಎಣಿಸಬೇಕು. ಈ ಶಾಸನವನ್ನು ಎಲ್ಲ ಬಸದಿಗಳಲ್ಲಿ ನೆಡಿಸುವ ಹೊಣೆಯೂ ವೈಷ್ಣವರದೇ.

ಇನ್ನು ಉಳಿದರ್ಧ. ರಾಜ್ಯದ ಜೈನರು 'ಬಾಗಿಲುಗಟ್ಟಳೆ'ಯಾಗಿ, ಮನೆಗೆ ವರ್ಷಕ್ಕೆ ಒಂದು ಹಣ ಕೊಡಬೇಕು. ಎತ್ತುವವರು ತಿರುಮಲೆಯ ತಾತಯ್ಯ, ಅದೂ ಜೈನರ ಅನುಮತಿಯಿಂದ. ಆ ದುಡ್ಡಲ್ಲಿ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳು. ಮಿಕ್ಕಿದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ. ಕಟ್ಟಳೆ ಮೀರಿದವನು ರಾಜದ್ರೋಹಿ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ.

ಇಂಜಿನಿಯರ್ ಕಣ್ಣಿಗೆ ಇದು ಅಚ್ಚುಕಟ್ಟು. ದರ ಇದೆ, ಆಳಿನ ಲೆಕ್ಕ ಇದೆ, ಉಳಿಕೆಯ ಬಾಬ್ತೂ ಇದೆ. ಆದರೆ ಮನಸ್ಸಿಗೆ ಅಷ್ಟು ಸಲೀಸಲ್ಲ. ಪೆಟ್ಟು ತಿಂದವರೇ ಕಾವಲಿಗೆ ದುಡ್ಡು ಕೊಡಬೇಕು, ದೂರಿನ ಆ ಕಡೆಯವರ ಹಿರಿಯನೇ ಅದನ್ನು ಎತ್ತಬೇಕು! ಶಾಸನ ಶುರುವಾಗೋದಂತೂ ರಾಮಾನುಜರ ಸ್ತುತಿಯಿಂದ, ಪಾಷಂಡರೆಂಬ ಕಡಲನ್ನು ಸುಡುವ ಬಡಬಾಗ್ನಿ ಅಂತ. ಬಸದಿಯೊಳಗೆ ನಿಂತು ಆ ಸಾಲು ಓದಿದ ಜೈನ ಗೃಹಸ್ಥನಿಗೆ ಏನನ್ನಿಸಿರಬೇಡ. ಹಾಗಾಗಿ ಇದನ್ನು ಸಮಾನರ ನಡುವಿನ ಒಪ್ಪಂದ ಅನ್ನೋಕೆ ನನಗೆ ಬಾಯಿ ಬರಲ್ಲ. ಬಲ ಯಾರ ಕೈಯಲ್ಲಿದೆ ಅನ್ನೋದು ಬುಕ್ಕನಿಗೆ ಗೊತ್ತಿತ್ತು. ಅದನ್ನು ಅವನು ಅಲ್ಲಾಡಿಸಲಿಲ್ಲ, ಆ ಬಲಕ್ಕೇ ಹೊಣೆ ಕಟ್ಟಿದ. ಸುತ್ತ ಯುದ್ಧವಿದ್ದಾಗ ಇದಕ್ಕಿಂತ ಹೆಚ್ಚು ಸಾಧ್ಯವಿತ್ತೇ? ಅನುಮಾನ.

1638ರ ಹಳೇಬೀಡಿನ ಶಾಸನದ ಜೊತೆ ಹೋಲಿಸಬಹುದು. ಅಲ್ಲಿ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆ ಹಾಕಿದ್ದು, ಅದನ್ನು ಅಳಿಸಿದ್ದು ಜಗಳದ ಮೂಲ. ಮೊದಲು ವಿಭೂತಿ-ವೀಳ್ಯ ಒಪ್ಪಿಸಿ, ಆಮೇಲೆ ಜಿನಪೂಜೆ ನಡೆಸಬಹುದು ಅಂತ ತೀರ್ಮಾನ. ಅಲ್ಲೂ ಹೆಚ್ಚು ಬಾಗಿದ್ದು ಜೈನರೇ.

ಭಾಷಣಗಳಲ್ಲಿ ಎಂದೂ ಬಾರದ ಹೆಸರೊಂದು ಬೆಳಗೊಳದ ಕಲ್ಲಿನ ಕೊನೆಯ ಸಾಲುಗಳಲ್ಲಿದೆ. ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ. ರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಕರೆತಂದು ಜೀರ್ಣೋದ್ಧಾರ ಮಾಡಿಸಿದವನು ಇವನೇ. ಎರಡೂ ಸಮಯದವರು ಕೂಡಿ ಅವನಿಗೆ 'ಸಂಘನಾಯಕ' ಪಟ್ಟ ಕಟ್ಟಿದರು. ಕಲ್ಲೆಹ ಅಂದರೆ ಇವತ್ತಿನ ಮಾಗಡಿ ತಾಲ್ಲೂಕಿನ ಕಲ್ಯ. ಇದೇ ಒಪ್ಪಂದದ ಇನ್ನೊಂದು ಶಾಸನ ಸಿಕ್ಕಿದ್ದೂ ಆ ಊರಲ್ಲೇ. ಬೆಳಗೊಳಕ್ಕೆ ಹೋಗುವವರು ದಾರಿಯಲ್ಲಿ ಅತ್ತ ತಿರುಗಿದರೆ ಸೆಟ್ಟಿಯ ಊರನ್ನೂ ನೋಡಿದ ಹಾಗಾಗುತ್ತೆ.