‘ಸರ್ವರ್ ಇಲ್ಲ, ನಾಳೆ ಬರ್ರಿ’

ಪಹಣಿ ತೆಗೆಸಲು ಹೋದವರು ಈ ಮಾತನ್ನು ಒಮ್ಮೆಯಾದರೂ ಕೇಳಿರುತ್ತೀರಿ. ಮಸರಕಲ್ಲಿನಿಂದ ದೇವದುರ್ಗಕ್ಕೆ ಹೋದ ರೈತನಿಗೆ ಅದರ ಬೆಲೆ ಬಸ್ ಚಾರ್ಜು ಮತ್ತು ಒಂದು ದಿನದ ಕೂಲಿ. ಬೆಳೆಸಾಲ ನವೀಕರಣದ ಕೊನೆ ದಿನವಾಗಿದ್ದರೆ ಬಡ್ಡಿಯೂ ಸೇರುತ್ತದೆ. ಹಾಗಾದರೆ ಈ ಸರ್ವರ್ ಇರುವುದು ಎಲ್ಲಿ? ಅದಕ್ಕೂ ಒಂದು ಇತಿಹಾಸ ಇದೆ.

ನಮ್ಮ ಸೀಮೆ 1948ರವರೆಗೆ ನಿಜಾಮರ ಕೈಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ತಹಶೀಲ್, ಜಮಾಬಂದಿ ಎನ್ನುವ ಮಾತುಗಳು ಇವತ್ತಿಗೂ ನಮ್ಮ ಬಾಯಲ್ಲಿವೆ. ಸರ್ಕಾರ ಬದಲಾದರೂ ಹೊಲದ ಲೆಕ್ಕ ಮಾತ್ರ ಕೈಬರಹದ ಪುಸ್ತಕದಲ್ಲೇ ಉಳಿಯಿತು. ಪುಸ್ತಕ ಯಾರ ಬಗಲಲ್ಲಿತ್ತೋ ಅವರ ಮಾತೇ ನಡೆಯುತ್ತಿತ್ತು.

2000ದ ಹೊತ್ತಿಗೆ ‘ಭೂಮಿ’ ಯೋಜನೆ ಬಂತು. 177 ತಾಲ್ಲೂಕುಗಳ, ಸುಮಾರು 67 ಲಕ್ಷ ರೈತರ, 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲೇ ಪ್ರತಿ ಸಿಗುತ್ತಿತ್ತು. ಆಗ ತಾಲ್ಲೂಕು ಕಚೇರಿಯಲ್ಲೇ ಒಂದು ಸರ್ವರ್ ಇರುತ್ತಿತ್ತು. ಆ ಕೆಲಸಕ್ಕೆಂದೇ ಇಟ್ಟ ಸ್ವಂತ ಯಂತ್ರ ಅದು. ಇದನ್ನೇ ಡೆಡಿಕೇಟೆಡ್ ಸರ್ವರ್ ಅನ್ನುತ್ತಾರೆ. ಬೆಂಗಳೂರಿನ ಲೈನ್ ಕಟ್ಟಾದರೂ ಪಹಣಿ ಬರುತ್ತಿತ್ತು. ಆದರೆ ಕರೆಂಟು, ಬ್ಯಾಟರಿ, ಧೂಳು, ರಿಪೇರಿ ಎಲ್ಲವನ್ನೂ ಆ ಒಂದು ಕೋಣೆಯೇ ನೋಡಿಕೊಳ್ಳಬೇಕಿತ್ತು. ರಾಯಚೂರಿನ ಬೇಸಿಗೆ ಯಂತ್ರಕ್ಕೂ ಬೇಸಿಗೆಯೇ.

ಮುಂದೆ ದಾಖಲೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋದವು. ಇಂಥ ಕೇಂದ್ರಗಳಲ್ಲಿ ಒಂದು ದೊಡ್ಡ ಯಂತ್ರವನ್ನು ಸಾಫ್ಟ್‌ವೇರ್ ಮೂಲಕ ಹತ್ತಾರು ಯಂತ್ರಗಳಂತೆ ಭಾಗ ಮಾಡುವುದು ರೂಢಿ. ಒಂದೊಂದು ಭಾಗವೂ ವರ್ಚುವಲ್ ಮಷೀನ್. ವಿದ್ಯೆ ಹಳೆಯದು: ಐಬಿಎಂ ಕಂಪನಿ 1972ರಲ್ಲೇ ತನ್ನ ದೊಡ್ಡ ಕಂಪ್ಯೂಟರುಗಳಿಗೆ ಇದನ್ನು ಮಾರಾಟಕ್ಕೆ ತಂದಿತ್ತು. ಸಾಮಾನ್ಯ ಕಂಪ್ಯೂಟರಿಗೆ ವಿಎಂವೇರ್ ಕಂಪನಿ ತಂದದ್ದು 1999ರಲ್ಲಿ.

ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಸ್ವಂತ ಸರ್ವರ್ ಅಂದರೆ ಸ್ವಂತ ಬೋರ್‌ವೆಲ್. ವರ್ಚುವಲ್ ಮಷೀನ್ ಅಂದರೆ ನಾರಾಯಣಪುರ ಬಲದಂಡೆ ಕಾಲುವೆ ನೀರು. ಬೋರು ತೋಡಿಸುವ ಖರ್ಚಿಲ್ಲ, ಬೇಕಾದಾಗ ತೂಬು ದೊಡ್ಡದು ಮಾಡಿಸಬಹುದು. ಆದರೆ ಮೇಲಿನವರು ಜಾಸ್ತಿ ಎಳೆದರೆ ಕೊನೆ ಭಾಗಕ್ಕೆ ಏನಾಗುತ್ತದೆ ಅಂತ ನಿಮಗೆ ನಾವು ಹೇಳಬೇಕೆ? ಹಂಚಿದ ಯಂತ್ರದಲ್ಲೂ ಪಕ್ಕದವರ ಕೆಲಸ ಹೆಚ್ಚಾದರೆ ನಮ್ಮದು ನಿಧಾನವಾಗಬಹುದು. ಸರಿಯಾಗಿ ಪಾಲು ಕಟ್ಟಿದ್ದರೆ ಆಗುವುದಿಲ್ಲ.

ಗೊಬ್ಬರದ ಅಂಗಡಿ, ಹತ್ತಿ ಮಿಲ್ಲು ನಡೆಸುವವರು ಲೆಕ್ಕವನ್ನು ಆನ್‌ಲೈನ್ ಇಡಲು ಯಾವುದು ಒಳ್ಳೆಯದು ಎಂದು ಕೇಳುತ್ತಾರೆ. ನಮ್ಮ ಮಟ್ಟಿಗೆ ವರ್ಚುವಲ್ ಮಷೀನೇ ಸಾಕು. ಹತ್ತಿ ಬರುವ ತಿಂಗಳುಗಳಲ್ಲಿ ಹೆಚ್ಚು ಬಾಡಿಗೆ, ಉಳಿದಾಗ ಕಡಿಮೆ. ವರ್ಷಪೂರ್ತಿ ಒಂದೇ ಸಮ ಭಾರೀ ಕೆಲಸ ಇದ್ದರೆ ಮಾತ್ರ ಇಡೀ ಯಂತ್ರದ ಬಾಡಿಗೆ ಗಿಟ್ಟುತ್ತದೆ. ಯಾವುದೇ ಇರಲಿ, ಲೆಕ್ಕದ ಇನ್ನೊಂದು ಪ್ರತಿ ಬೇರೆ ಊರಲ್ಲಿರಲಿ. ವರ್ಚುವಲ್ ಅಂದ ಮಾತ್ರಕ್ಕೆ ಪ್ರತಿ ತಾನಾಗಿ ಉಳಿಯುವುದಿಲ್ಲ.

ಇನ್ನು ಕಿಟಕಿಯ ಮಾತು. ಬಹಳ ಸಲ ಬೆಂಗಳೂರಿನ ಯಂತ್ರ ಸರಿಯಾಗೇ ಇರುತ್ತದೆ, ನಡುವಿನ ಲೈನ್ ಬಿದ್ದಿರುತ್ತದೆ. ಮುಂದಿನ ಸಲ ಒಂದು ಮಾತು ಕೇಳ್ರಿ: ‘ಸರ್ವರ್ ಇಲ್ಲೇನ್ರಿ, ನೆಟ್ ಇಲ್ಲೇನ್ರಿ?’ ಕೇಳುತ್ತಲೇ ನಿಮ್ಮ ಮೊಬೈಲಿನಲ್ಲಿ ಭೂಮಿ ಜಾಲತಾಣ ತೆರೆದು ಸರ್ವೆ ನಂಬರ್ ಹಾಕಿ ನೋಡ್ರಿ. ಅಲ್ಲಿ ನಿಮ್ಮ ಹೊಲ ಕಂಡರೆ, ನಾಳೆ ಬರುವ ಮಾತು ಬೇರೆ.